ಅತ್ತಿಯ ಹೆಸರಿನ ಕೂಸು

ನಮ್ಮ ನಾಟಕದ ಮಾಸ್ತರಿಗೆ ಅಮೆರಿಕದ ಹುಚ್ಚು ಹಿಡಿದದ್ದು ಹೋದ ವರ್ಷ. ಅವರು ಹಾನಗಲ್ಲಿನ ಕಾಲೇಜಿನಾಗ ಇತಿಹಾಸ ಹೇಳ್ತಾರ. ರಜಾದಾಗ ನಮ್ಮಂಥ ನಾಕು ಮಂದಿನ್ನ ಕಟ್ಕೊಂಡು ಊರೂರಿಗೆ ನಾಟಕ ಆಡಸ್ತಾರ. ನಾ ತಡಸದಾಗ ಬಟ್ಟಿ ಹೊಲಿಯೂ ಹೆಂಗಸು, ನಾಟಕ ಅಂದ್ರ ಜೀವ. ಯಾರಿಗೂ ಗೊತ್ತಿಲ್ಲದ ಅಮೆರಿಕದ ಮಂದಿ ಬದುಕು ತೋರಸೂಣು ಅಂದ್ರು ಮಾಸ್ತರು. ಅಲ್ರೀ, ನಮ್ಮ ಕಡೆ ಗೊತ್ತಿಲ್ಲದವರು ಕಡಿಮಿ ಅದಾರೇನು ಅಂತ ನಾ ಜಗಳಾ ತಗದೆ. ನಮ್ಮ ಎರಿ ಹೊಲಕ್ಕ ಒಂದು ಕಾಲಕ್ಕ ಅಮೆರಿಕದ ಹತ್ತಿ ಬೀಜ ಬಂದಿತ್ತು, ಅಲ್ಲಿ ಆ ಹತ್ತಿ ಬಿಡಿಸಿದ ಕೈ ಯಾರವು ಅಂತ ನೀ ಕೇಳೇ ಇಲ್ಲಲ್ಲ ತಂಗಿ ಅಂತ ಅವರು ನನ್ನ ಬಾಯಿ ಮುಚ್ಚಿಸಿದ್ರು.

ನನಗ ಕೊಟ್ಟದ್ದು ಒಬ್ಬ ಗುಲಾಮ ಹೆಂಗಸಿನ ಪಾತ್ರ. ಹತ್ತಿ ಹೊಲದಾಗ ದುಡಿಯೂ ಆಕಿ ಮಗಳನ್ನ ಮಾಲಕ ಬ್ಯಾರೆಯವರಿಗೆ ಮಾರತಾನ. ಗಾಡಿ ಹೊಂಡುವಾಗ ಆಕಿ ಮಗಳ ಹೆಸರು ಹಿಡಿದು ಒಮ್ಮೆ ಕರೀಬೇಕು, ಅಲ್ಲಿಗೆ ನಾಟಕ ಮುಗೀತು. ಏನು ಹೆಸರು ಅಂತ ಕೇಳಿದೆ. ಮಾಲಕನ ಕುದುರಿ ಹೆಸರು ಉಳದೈತಿ, ಈ ತಾಯಿದೂ ಉಳಿದಿಲ್ಲ, ಕೂಸಿಂದೂ ಉಳಿದಿಲ್ಲ, ನಿನಗ ತಿಳಿದದ್ದು ಕರಿ ಅಂದ್ರು.

ನನಗೂ ಒಬ್ಬಾಕಿ ಮಗಳಿದ್ಲು. ಆಕಿ ಹುಟ್ಟೂಕಿಂತ ಮೊದಲ ನಮ್ಮತ್ತಿ ತೀರಿಕೊಂಡಿದ್ರು. ಕೂಸಿಗೆ ಅವರ ಹೆಸರನ್ನ ಇಟ್ರು. ಅತ್ತಿ ಹೆಸರು ಸೊಸಿ ಬಾಯಾಗ ಬರಬಾರದು ಅನ್ನೂದು ನಮ್ಮ ಮನಿ ಪದ್ಧತಿ. ಗಂಡನ ಹೆಸರಿಗಾದ್ರ ಮದುವಿ ಮನ್ಯಾಗ ಒಡಪು ಕಟ್ಟಿ ಹೇಳಾಕ ಒಂದು ದಾರಿ ಐತಿ, ಅತ್ತಿ ಹೆಸರಿಗೆ ಅದೂ ಇಲ್ಲ. ಅದಕ್ಕ ನಾ ಆಕಿನ್ನ ಕೂಸ, ಕೂಸ ಅಂತನ ಕರೀತಿದ್ದೆ. ಸಾಲಿಗೆ ಹೋಗೂ ವಯಸ್ಸಿಗೆ ಮೊದಲ ಆಕಿಗೆ ಜ್ವರ ಬಂತು. ಹುಬ್ಬಳ್ಳಿ ದವಾಖಾನ್ಯಾಗ ಕಣ್ಣು ಮುಚ್ಚಿ ಮಲಗಿದ್ಲು. ಹೆಸರು ಹಿಡಿದು ಕರಿ, ಕಣ್ಣು ತಗೀತಾಳ ಅಂದ್ಲು ನರ್ಸಬಾಯಿ. ಮಂಚದ ಆ ಕಡೆ ನಮ್ಮ ಮಾವ ನಿಂತಿದ್ರು. ನಾ ಕೂಸ ಅಂದೆ. ಬಾಜೂ ಮಂಚದಾಗಿನ ಬ್ಯಾರೆಯವರ ಕೂಸು ಹೊಳ್ಳಿ ನೋಡಿತು. ನಮ್ಮಾಕಿ ನೋಡಲಿಲ್ಲ.

ತಾಲೀಮು ಸುರುವಾದ ಮ್ಯಾಲ ಆ ಅಮೆರಿಕದಾಕಿ ನಮ್ಮ ಮನ್ಯಾಗ ಬಂದು ನಿಂತ್ಲು. ಹುಚ್ಚು ಅನ್ರಿ ಬೇಕಾದ್ರ. ದೀಪಕ್ಕ ಬತ್ತಿ ಹೊಸ್ಯಾಕ ಕುಂತ್ರ ಬೆನ್ನ ಹಿಂದ ನಿಂತು ನನ್ನ ಕೈಯಾಗಿನ ಹತ್ತಿ ನೋಡ್ತಿದ್ಲು. ರೊಟ್ಟಿ ಬಡಿಯುವಾಗ ಬಾಗಲದಾಗ ಇರ್ತಿದ್ಲು. ಹೋಗ ಮಾರಾಯ್ತಿ, ನಿನ್ನ ಕೂಸಿನ ಹೆಸರು ನನಗೆಲ್ಲಿಂದ ಬರಬೇಕು ಅಂತ ಒಂದಿನ ಬೈದೆ. ಹೋಗಲಿಲ್ಲ. ಆಕಿ ಲಂಗದ ಹಿಂದ ಇನ್ನೊಂದು ಸಣ್ಣ ನೆರಳು ಇದ್ದಂಗ ಅನಿಸಾಕತ್ತಿತು. ಆವತ್ತಿಂದ ನನಗ ಖರೇನ ಅಂಜಿಕಿ ಆತು, ಬಾಗಲ ಕಡೆ ನೋಡೂದನ್ನ ಬಿಟ್ಟೆ.

ಮೊದಲ ಆಟ ಹಿರೇಕೆರೂರಾಗ. ನನಗ ಯಾವ ಹೆಸರೂ ಹೊಳೀಲಿಲ್ಲ, ಕಡೀಕ ಮಾಸ್ತರು ಹೇಳಿಕೊಟ್ಟ ಯಾವುದೋ ಇಂಗ್ಲಿಷ್ ಹೆಸರು ಕರದೆ. ಅನ್ನದಾಗ ಹರಳು ಸಿಕ್ಕಂಗಾತು, ಮುಂದ ಕುಂತ ಹುಡುಗ್ಯಾರು ಕಿಸಕ್ಕನ ನಕ್ರು. ಶಿಗ್ಗಾಂವಿಯಾಗ ಬರೇ ಬಾಯಿ ತಗದೆ, ದನಿನ ಹೊಂಡಲಿಲ್ಲ. ಮೈಕ್ ಕೆಟ್ಟೈತಿ ಅಂತ ಮಂದಿ ತಿಳಕೊಂಡ್ರು. ಸವಣೂರಾಗೂ ಹಿಂಗ ಮಾಡಿದ್ರ ಪಾತ್ರ ಬ್ಯಾರೆಯವರಿಗೆ ಕೊಡ್ತೇನಿ ಅಂತ ಮಾಸ್ತರು ಸಿಟ್ಟಾದ್ರು. ಕೊಡ್ರಿ ಅಂದ್ರ ಮುಗೀತಿತ್ತು. ಆದ್ರ ಆ ಹೆಂಗಸಿನ್ನ, ಆ ಸಣ್ಣ ನೆರಳನ್ನ ಮತ್ತೊಬ್ಬರ ಮನಿಗೆ ಕಳಸಾಕ ನನಗ ಮನಸಾಗಲಿಲ್ಲ.

ಸವಣೂರಿನ ಆಟ ಮಧ್ಯಾಹ್ನ, ಒಂದು ಸಾಲಿ ಪಡಸಾಲ್ಯಾಗ. ನಮ್ಮ ಮಾವ ನನಗೊಂದು ಮಾತು ಹೇಳದ ತಡಸದಿಂದ ಬಸ್ ಹತ್ತಿ ಬಂದು ಮೊದಲನೇ ಸಾಲಿನಾಗ ಕುಂತಿದ್ರು. ಗಾಡಿ ಹೊಂಟಿತು. ಅದರ ಹಿಂದ ಓಡಿದೆ. ಆ ಹೊತ್ತಿನಾಗ ಅಮೆರಿಕದಾಕಿ ನನ್ನ ಮೈಯಾಗ ಇದ್ಲೋ, ಬಾಜೂಕ ಓಡಾಕತ್ತಿದ್ಲೋ ತಿಳಿಯಲಿಲ್ಲ. ನನ್ನ ಮಗಳ ಪೂರ್ತಿ ಹೆಸರು ಬಾಯಿಂದ ಬಂತು. ಜನ್ಮದಾಗ ಮೊದಲನೇ ಸಲ. ಯಾರೂ ನಗಲಿಲ್ಲ. ಪರದೆ ಬೀಳೂದರಾಗ ಮಾವ ಎದ್ದು ಹೊರಗ ಹೋಗಿದ್ರು.

ಅರ್ಧ ಬಣ್ಣ ಒರಸಿಕೊಂಡು ಹುಡುಕಿದೆ. ಸಾಲಿ ಹಿಂದಿನ ಬೇವಿನ ಗಿಡದ ಕೆಳಗ ಕಟ್ಟಿ ಮ್ಯಾಲ ಟೊಪ್ಪಿಗಿ ತಗದು ಕುಂತಿದ್ರು. ತಪ್ಪಾತ್ರಿ ಮಾವಾರ ಅಂತ ಸುರು ಮಾಡಿದೆ. ಅವರು ಕೈ ಎತ್ತಿ ನನ್ನ ಸುಮ್ಮನಾಗಿಸಿದ್ರು.

"ನಾನೂ ನಿಮ್ಮತ್ತಿನ್ನ ಎಂದೂ ಹೆಸರು ಹಿಡಿದು ಕರದಾಂವಲ್ಲ ಯವ್ವಾ," ಅಂದ್ರು. "ಏ, ಇಕಿನ, ಅಷ್ಟ. ಇಷ್ಟು ವರ್ಷ ಸಂಸಾರ ಮಾಡಿ, ಹೋಗುವಾಗನೂ ಕರೀಲಿಲ್ಲ."

ಬಾಜೂಕ ಕುಂತೆ. ಅವರು ಅಳಾಕತ್ತಿದ್ರು. ಟೊಪ್ಪಿಗಿಯಿಂದ ಕಣ್ಣು ಒರಸಿಕೊಂಡು, ನನ್ನ ಮುಖ ನೋಡದ ಅಂದ್ರು:

"ಇನ್ನೊಮ್ಮೆ ಕರಿ."

ಕರದೆ. ಆಮ್ಯಾಲ ನಾವಿಬ್ಬರೂ, ಯಾರರ ಓ ಅಂತಾರೇನೋ ಅಂತ, ಬಸ್ ತಪ್ಪೂ ಮಟಾ ಅಲ್ಲೇ ಕುಂತ್ವಿ.