ಕೊಕ್ಕಿಲ್ಲದ ಗಿಳಿಗಳು

ನಾನು ಚಿಕ್ಕವಳಿದ್ದಾಗ ಬ್ಯಾಟರಾಯನಪುರದಲ್ಲಿ ಯಾರ ಮನೆಗೆ ಹೋದರೂ ಗೋಡೆಯ ಮೇಲೋ ದಿಂಬಿನ ಮೇಲೋ ದಾರದಲ್ಲಿ ಹಾಕಿದ ಒಂದು ಜೋಡಿ ಗಿಳಿ ಇರುತ್ತಿತ್ತು. ಎದುರುಬದುರು ಮುಖ, ಕೆಳಗೊಂದು ಗುಲಾಬಿ, ಅದರ ಕೆಳಗೆ ‘ಸುಸ್ವಾಗತ’. ಎಲ್ಲರ ಮನೆಯಲ್ಲೂ ಅವೇ ಗಿಳಿ, ಅದೇ ಗುಲಾಬಿ. ಹೇಳಿದರೆ ನೀವು ನಂಬುವುದಿಲ್ಲ ಮಕ್ಕಳೇ, ಆ ಗಿಳಿಗಳಿಗೆ ಕೊಕ್ಕೇ ಇರಲಿಲ್ಲ.

ಊರಿನ ಮಹಿಳಾ ಸಮಾಜಕ್ಕೆ ಕಸೂತಿ ಕಲಿಸಲು ಪೇಟೆಯಿಂದ ಒಬ್ಬ ಟೀಚರಮ್ಮ ಬರುತ್ತಿದ್ದರು. ಅವರ ಹತ್ತಿರ ಇದ್ದದ್ದು ಒಂದೇ ಒಂದು ಡಿಸೈನ್ ಹಾಳೆ. ಗಿಳಿಯ ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿದ್ದರು. ಅದನ್ನು ಬಟ್ಟೆಯ ಮೇಲೆ ಹಾಸಿ, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಯನ್ನು ಹತ್ತಿಯ ಉಂಡೆಯಿಂದ ಒರೆಸಿದರೆ, ಬಣ್ಣ ತೂತಿನಿಂದ ಇಳಿದು ಬಟ್ಟೆಯ ಮೇಲೆ ಗಿಳಿ ಮೂಡುತ್ತಿತ್ತು. ಕೈಯಿಂದ ಕೈಗೆ ಹೋಗಿ ಹೋಗಿ, ಎರಡು ಕೊಕ್ಕು ಕೂಡುವ ಜಾಗದಲ್ಲಿ ಹಾಳೆ ಹರಿಯಿತು. ಯಾವಳೋ ಪುಣ್ಯಾತ್ಗಿತ್ತಿ ಅದಕ್ಕೊಂದು ಕಾಗದದ ತೇಪೆ ಅಂಟಿಸಿದಳು. ತೂತು ಮುಚ್ಚಿತು, ಕೊಕ್ಕು ಹೋಯಿತು. ಆಮೇಲಿನವರೆಲ್ಲ ಕೊಕ್ಕಿಲ್ಲದ ಗಿಳಿಯನ್ನೇ ಭಯಭಕ್ತಿಯಿಂದ ಹಾಕಿದರು. ಊರ ಸುತ್ತ ಸೀಬೆ ತೋಟ, ತೋಟದ ತುಂಬ ಗಿಳಿ. ಬೆಳಗಾದರೆ ಕಿವಿ ಹರಿಯುವ ಹಾಗೆ ಕಿರುಚುತ್ತಿದ್ದವು. ಕುರಿಮಂದೆಗಿಂತ ಕಡೆಯಾದ ಈ ಹೆಂಗಸರಲ್ಲಿ ಒಬ್ಬಳಾದರೂ ತಲೆ ಎತ್ತಿ ನೋಡಬೇಕಲ್ಲ! ಟೀಚರಮ್ಮನೂ ನೋಡಲಿಲ್ಲ. ಅವರಿಗೆ ಹೊಲಿಗೆ ನೇರವಾಗಿದ್ದರೆ ಸಾಕಾಗಿತ್ತು.

ಅಕ್ಕನಿಗೆ ಆಗ ಹದಿನಾರು ವರ್ಷ. ಆ ಸಂಕ್ರಾಂತಿಗೆ ಸಮಾಜದಲ್ಲಿ ಕಸೂತಿ ಪ್ರದರ್ಶನ ಇಟ್ಟಿದ್ದರು. ಯಾವುದೋ ದೊಡ್ಡ ಆಫೀಸಿನಿಂದ ಒಬ್ಬ ಮೇಡಂ ಬಂದು ನೋಡಿ, ಎಲ್ಲರಿಗಿಂತ ಚೆನ್ನಾಗಿ ಹಾಕಿದವಳಿಗೆ ಹೊಲಿಗೆ ಮಿಷನ್ ಕೊಡುವವರಿದ್ದರು. ಅಪ್ಪ ಅಕ್ಕನಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

“ಮಿಷನ್ ಬಂದ್ರೆ ಮನೇಲೇ ಕೂತು ಬಟ್ಟೆ ಒಲ್ಕೊಂಡಿರು. ಬರ್ಲಿಲ್ವಾ, ಬಾಯಿ ಮುಚ್ಕೊಂಡು ಮಾಕಳಿ ಮಾವನ್ನ ಕಟ್ಕೊ.”

ಮಾಕಳಿಯ ನಮ್ಮ ಸೋದರಮಾವನಿಗೆ ಅಕ್ಕನ ಎರಡರಷ್ಟು ವಯಸ್ಸು. ಅವನ ಸುದ್ದಿ ಬಂದ ದಿನ ಅಕ್ಕ ಊಟ ಬಿಟ್ಟು ಏಳುತ್ತಿದ್ದಳು.

ಡಿಸೈನ್ ಹಾಳೆ ಆಗ ಪಟೇಲರ ಸೊಸೆಯ ಪೆಟ್ಟಿಗೆ ಸೇರಿತ್ತು. ಅಕ್ಕ ಹೋಗಿ ಕೇಳಿದಾಗಲೆಲ್ಲ ಅವಳದು ಒಂದೇ ಮಾತು, “ನಾಳೆ ಬಾರಮ್ಮಿ, ನಂದಿನ್ನೂ ಮುಗಿದಿಲ್ಲ.” ಮುಗಿಯದೇ ಏನು, ಮುಗಿದು ಇಸ್ತ್ರಿಯೂ ಆಗಿತ್ತು. ನಾಲ್ಕನೆಯ ದಿನವೂ ಅಕ್ಕ ಬರಿಗೈಯಲ್ಲಿ ಬಂದು ಒಲೆಯ ಮುಂದೆ ಕೂತು ಅತ್ತಳು. ಆ ಹರಕಲು ಹಾಳೆಗೆ ಅಳುವುದನ್ನು ಕಂಡು ನನಗೆ ರೇಗಿತು.

“ಗಿಳಿ ಬೇಕಂದ್ರೆ ಸೀಬೆ ಮರದಲ್ಲಿ ನೋಡಕ್ಕ, ಆ ಪಟೇಲರ ಮನೇಲ್ ಏನೈತೆ?” ಅಂದೆ. ಆಗ ನನಗೆ ಒಂಬತ್ತು ವರ್ಷ.

ಮೂರು ಬೆಳಗು ಅಕ್ಕ ಇದ್ದಿಲು ಚೂರು ಹಿಡಿದು ತೋಟದಲ್ಲಿ ಕೂತಳು. ಇಬ್ಬನಿಗೆ ಲಂಗದ ಅಂಚು ತೊಯ್ದು ಕಾಲಿಗೆ ಅಂಟುತ್ತಿತ್ತು, ಕೊಳೆತ ಸೀಬೆಯ ಸಿಹಿ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅಮ್ಮನ ಹರಿದ ಸೀರೆಯ ಅಂಚಿನಿಂದ ಹಸಿರು ಎಳೆಗಳನ್ನು ಎಳೆದು ಸುತ್ತಿಕೊಂಡಳು. ಕೊನೆಗೆ ಬಟ್ಟೆಯ ಮೇಲೆ ಮೂಡಿದ್ದು ಒಂದೇ ಗಿಳಿ. ಕೊಂಬೆಯಿಂದ ತಲೆಕೆಳಗಾಗಿ ಜೋತು, ಕೆಂಪು ಕೊಕ್ಕನ್ನು ಹಣ್ಣಿಗೆ ನೆಟ್ಟಿತ್ತು. ಕತ್ತಿನ ಪುಕ್ಕ ಕೆದರಿತ್ತು. ಅರ್ಧ ತಿಂದ ಹಣ್ಣಿನೊಳಗಿನ ಬೀಜಗಳೂ ಕಾಣುತ್ತಿದ್ದವು. ಅಂಥದ್ದನ್ನು ನಾನು ಆಮೇಲೆ ಯಾವ ಅಂಗಡಿಯಲ್ಲೂ ನೋಡಿಲ್ಲ.

ಸಂಕ್ರಾಂತಿಯ ಮಧ್ಯಾಹ್ನ ಸಮಾಜದ ಹಾಲಿನಲ್ಲಿ ಕಬ್ಬಿನ ವಾಸನೆ, ಸೀಮೆಎಣ್ಣೆಯ ವಾಸನೆ, ಹೊಸ ಸೀರೆಗಳ ಸರಬರ ಸದ್ದು. ಹಗ್ಗದ ಮೇಲೆ ಇಪ್ಪತ್ತಕ್ಕೂ ಹೆಚ್ಚು ಜೋಡಿ ಬೋಳುಮುಖದ ಗಿಳಿಗಳು, ಕೊನೆಯಲ್ಲಿ ಅಕ್ಕನದು. ನಾನು ಪಟೇಲರ ಸೊಸೆಯ ಪಕ್ಕದಲ್ಲಿ ಕೂತಿದ್ದೆ. ಅವಳು ನನ್ನ ಭುಜದ ಮೇಲೆ ಕೈ ಹಾಕಿ, ಬೊಗಸೆ ತುಂಬ ಎಳ್ಳುಬೆಲ್ಲ ಕೊಟ್ಟಿದ್ದಳು. ಅಂಥ ದೊಡ್ಡಮನೆಯವಳು ಪಕ್ಕಕ್ಕೆ ಕರೆದು ಕೂರಿಸಿಕೊಂಡಳೆಂದು ನಾನು ಉಬ್ಬಿಹೋಗಿದ್ದೆ.

ಮೇಡಂ ಸಾಲಾಗಿ ನೋಡುತ್ತಾ ಬಂದು ಅಕ್ಕನ ಬಟ್ಟೆಯ ಮುಂದೆ ನಿಂತರು.

“ಇದ್ಯಾಕಮ್ಮಾ ಹೀಗೆ? ಮಿಕ್ಕವೆಲ್ಲ ಒಂದೇ ಥರ ಸರಿಯಾಗಿ ಬಂದಿವೆ. ಇದೊಂದೇ ತಪ್ಪಾಗಿದೆಯಲ್ಲ?”

ಓದಿದ ಹೆಂಗಸಿನ ಕಣ್ಣು ನೋಡಿ! ಟೀಚರಮ್ಮ ತಲೆ ತಗ್ಗಿಸಿ, “ನಾನು ಹೇಳಿಕೊಟ್ಟಿದ್ದು ಇದಲ್ಲ ಮೇಡಂ” ಅಂದರು. ಪಟೇಲರ ಸೊಸೆ ಗಟ್ಟಿಯಾಗಿ, “ಗಿಳೀನೋ ಬಾವಲೀನೋ? ಎಂಗೆ ನೇತಾಡ್ತೈತೆ ನೋಡ್ರಮ್ಮಿ!” ಅಂದಳು. ಹಾಲಿಗೆ ಹಾಲೇ ನಕ್ಕಿತು.

ನಾನೂ ನಕ್ಕೆ. ಬಾಯಿ ತುಂಬ ಅವಳ ಎಳ್ಳುಬೆಲ್ಲ ಇಟ್ಟುಕೊಂಡು, ಕೊಬ್ಬರಿ ಚೂರು ಸಿಡಿಯುವ ಹಾಗೆ ನಕ್ಕೆ. ಮರದಲ್ಲಿ ನೋಡು ಅಂದವಳು ನಾನೇ. ಆದರೂ ಎಲ್ಲರೂ ನಗುವಾಗ ನಗದೆ ಕೂರುವ ಧೈರ್ಯ ನನಗಿರಲಿಲ್ಲ. ಅಕ್ಕ ಮೇಡಂ ಕಡೆ ನೋಡಲಿಲ್ಲ, ಪಟೇಲರ ಸೊಸೆಯ ಕಡೆಯೂ ನೋಡಲಿಲ್ಲ. ಹಾಲಿನಲ್ಲಿ ಹುಡುಕಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಬಟ್ಟೆಯನ್ನು ಹಗ್ಗದಿಂದ ಇಳಿಸಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದಳು.

ಮಿಷನ್ ಪಟೇಲರ ಸೊಸೆಗೆ ಹೋಯಿತು. ಅವಳ ಮನೆಯಲ್ಲಿ ಆಗಲೇ ಒಂದಿತ್ತು. ಎರಡು ತಿಂಗಳಲ್ಲಿ ಅಕ್ಕ ಮಾಕಳಿಗೆ ಹೋದಳು. ಸಾಯುವತನಕ ಅವಳು ಮತ್ತೆ ಸೂಜಿಗೆ ದಾರ ಪೋಣಿಸಲಿಲ್ಲ. ರವಿಕೆಯ ಗುಂಡಿ ಬಿದ್ದರೆ ಪಿನ್ನು ಚುಚ್ಚಿಕೊಳ್ಳುತ್ತಿದ್ದಳು. ಆ ದಿನದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಹೆಂಗಸರನ್ನೆಲ್ಲ ನಾನು ಇವತ್ತಿಗೂ ಬೈಯುತ್ತೇನೆ. ಬೈಯುವಾಗ ನನ್ನನ್ನು ಬಿಟ್ಟು ಬೈಯುವುದಿಲ್ಲ.

ಈಗ ತಣಿಸಂದ್ರದ ಈ ಅಪಾರ್ಟ್‌ಮೆಂಟಿನಲ್ಲಿ ನಿಮ್ಮನ್ನು ನೋಡುತ್ತೇನೆ. ನಮಗೆ ಇದ್ದದ್ದು ಒಂದು ಹಾಳೆ, ನಿಮ್ಮ ಅಮ್ಮನ ಫೋನಿನಲ್ಲಿ ಸಾವಿರ ಡಿಸೈನು. ಸಂಕ್ರಾಂತಿ ಸ್ಪರ್ಧೆಗೆ ಏನು ಮಾಡೋಣ ಅಂತ ರಾತ್ರಿ ಹಗಲು ಬೆರಳಲ್ಲಿ ತಳ್ಳಿ ತಳ್ಳಿ ನೋಡುತ್ತೀರಿ. ಕೊನೆಗೆ ಹದಿನಾಲ್ಕು ಮಹಡಿಯ ಮಕ್ಕಳೂ ಗೋಲಿಗಣ್ಣು ಅಂಟಿಸಿದ ಅದೇ ಗಾಳಿಪಟ ಹಿಡಿದು ಇಳಿಯುತ್ತೀರಿ. ದೊಡ್ಡ ಸಾಧನೆ!

ಆದರೆ ಪುಟ್ಟಿ, ನೀನು ಹಳೇ ಸಾಕ್ಸಿನಲ್ಲಿ ಹೊಲಿದ ಹಸುವನ್ನು ನಿನ್ನೆ ನೋಡಿದೆ. ಅದರ ಬಾಯಲ್ಲಿ ಪ್ಲಾಸ್ಟಿಕ್ ಕವರ್ ಇತ್ತು. ನಿಮ್ಮ ಅಮ್ಮ ಅದನ್ನು ಕಿತ್ತು ಹೂವಿನ ಹಾರ ಹಾಕು ಅಂದಳು. “ಗೇಟ್ ಹತ್ರ ಹಸು ಹಿಂಗೇ ತಿನ್ನುತ್ತೆ ಅಜ್ಜಿ, ನಾನೇ ನೋಡಿದೀನಿ” ಅಂತ ನೀನು ನನ್ನ ಹತ್ತಿರ ಗೊಣಗಿದೆ. ಕೀಳಬೇಡ, ಹಾಗೇ ಇರಲಿ. ನಾಳೆ ಕೆಳಗಿನ ಹಾಲಿನಲ್ಲಿ ಎಲ್ಲರೂ ನಗುತ್ತಾರೆ, ನಗಲಿ. ನಾನು ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ. ಆಗ ನೀನು ನನ್ನ ಮುಖ ನೋಡು.