ಮೂರನೇ ಗೇರಿನ ಸ್ಪ್ರಿಂಗ್

ಪರಶುರಾಮ, ಆ ಹಳೆಯ ಸ್ಪ್ರಿಂಗ್ ಹಾಕಿದವನು ನೀನಲ್ಲ, ನಾನು. ಹದಿನಾರು ವರ್ಷ ನಿನ್ನದೆಂದು ನೀನು ಹೊತ್ತು ತಿರುಗಿದ ತಪ್ಪು ನನ್ನದು. ಮರೆತು ಆದದ್ದಲ್ಲ, ಕೈ ತಪ್ಪಿ ಆದದ್ದಲ್ಲ — ಬೇಕಂತಲೇ ಮಾಡಿದೆ.

ಇಷ್ಟು ಬರೆಯುವುದಕ್ಕೆ ನಾಲ್ಕು ಹಾಳೆ ಹರಿದು ಹಾಕಿದೆ. ಮೂರರಲ್ಲಿ ನಮಗೆ ಕೆಲಸ ಕಲಿಸಿದ ಉಸ್ತಾದರನ್ನು ಬೈದಿದ್ದೆ, ನಾಲ್ಕನೆಯದರಲ್ಲಿ ನಿನ್ನನ್ನು. ಥೂ, ಈಗಲೂ ಬುದ್ಧಿ ಬಂದಿಲ್ಲ ನೋಡು.

ಉದ್ಯಮಬಾಗದ ಉಸ್ತಾದರ ಗ್ಯಾರೇಜಿಗೆ ನಾನು ನಿನಗಿಂತ ಮೂರು ವರ್ಷ ಮೊದಲು ಬಂದವನು. ಕಸ ಹೊಡೆದೆ, ಡೀಸೆಲ್ಲಿನಲ್ಲಿ ಪಾರ್ಟ್ಸ್ ತೊಳೆದೆ, ಒಮ್ಮೆ ನಟ್ಟು ಬಿಚ್ಚುವ ಪಾನಾದಿಂದಲೇ ಹೊಡೆಸಿಕೊಂಡೂ ಗಪ್ಪ ಕುಂತೆ. ಆಮೇಲೆ ನೀನು ಬಂದಿ — ಗುಂಜಿಯಿಂದ ರೈಲು ಹತ್ತಿಕೊಂಡು, ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುತ್ತ. ಆರು ತಿಂಗಳೂ ಆಗಿರಲಿಲ್ಲ, ಉಸ್ತಾದರು ತಮ್ಮ ಉದ್ದನೆಯ ಸ್ಕ್ರೂ ಡ್ರೈವರ್ ನಿನ್ನ ಕೈಗೆ ಕೊಟ್ಟು, "ಕೇಳಿ ಹೇಳು" ಎಂದರು. ನೀನು ಅದರ ತುದಿಯನ್ನು ಗೇರ್ ಬಾಕ್ಸಿಗೆ ಹಚ್ಚಿ, ಹಿಡಿಕೆಗೆ ಕಿವಿ ಕೊಟ್ಟು, "ಹಿಂದಿನ ಬೇರಿಂಗ್ ಹೋಗೇತ್ರಿ" ಎಂದಿ. ಬಿಚ್ಚಿ ನೋಡಿದರೆ ಖರೇ! ಅದೇ ಸ್ಕ್ರೂ ಡ್ರೈವರಿಗೆ ನಾನು ಕಿವಿ ಕೊಟ್ಟರೆ ಗರ್ ಗರ್ ಅಷ್ಟೇ.

ಅದನ್ನೂ ತಡೆದುಕೊಳ್ಳುತ್ತಿದ್ದೆ. ಚಹಾ ತಡೆಯಲಾಗಲಿಲ್ಲ. ಉಸ್ತಾದರು ತಮ್ಮ ಕಪ್ಪಿನ ಅರ್ಧ ಚಹಾ ಬಸಿಗೆ ಸುರಿದು ಬಾಜು ಕುಂತವನಿಗೆ ಕೊಡುತ್ತಿದ್ದರಲ್ಲ? ಮೂರು ವರ್ಷ ಆ ಬಸಿ ನನ್ನದಾಗಿತ್ತು. ಒಂದು ದಿನ ನನ್ನ ಮುಂದೆ ಹಾಯ್ದು ನಿನ್ನ ಕಡೆ ಹೋಯಿತು. ನೀನು ಲಕ್ಷ್ಯವೇ ಇಲ್ಲದೆ ಸುರ್ರಂತ ಕುಡಿದಿ. ನಗಬೇಡ — ನಾಲ್ಕು ಗುಟುಕು ಚಹಾಕ್ಕೆ ನನ್ನ ಹೊಟ್ಟೆಯಲ್ಲಿ ಬಿದ್ದ ಕಿಚ್ಚು ಅವತ್ತಿನಿಂದ ಆರಲೇ ಇಲ್ಲ. ನೀನು ನಕ್ಕರೂ ಸಿಟ್ಟು, ನೀನು ನನ್ನನ್ನು "ಈರಣ್ಣಾ" ಎಂದು ಕರೆದರೂ ಸಿಟ್ಟು.

ಅಷ್ಟರಲ್ಲಿ ಖಾನಾಪುರದ ಗಡಿಗೆ-ಮಡಿಕೆ ವ್ಯಾಪಾರಿಯ ಸೆಕೆಂಡ್ ಹ್ಯಾಂಡ್ ಪಿಕಪ್ ಬಂತು. ಇಳಿಜಾರಿನಲ್ಲಿ ಮೂರನೇ ಗೇರು ತಾನೇ ಜಿಗಿದು ಹೊರಗೆ ಬರುತ್ತಿತ್ತು. ಉಸ್ತಾದರು ಇಡೀ ಬಾಕ್ಸ್ ನಿನಗೆ ಒಪ್ಪಿಸಿದರು. "ಇದನ್ನ ಒಬ್ಬಾವನ ಮುಗಿಸು, ಈ ಸ್ಕ್ರೂ ಡ್ರೈವರ್ ನಿಂದು" ಎಂದರು, ನಾನು ಎದುರಿಗೇ ನಿಂತಿದ್ದಾಗ.

ಹಾಕಿದ ಗೇರು ಜಿಗಿಯದಂತೆ ಒಳಗೊಂದು ಉಕ್ಕಿನ ಗುಂಡು ಇರುತ್ತದೆ, ಅದನ್ನು ಒತ್ತಿ ಹಿಡಿಯಲು ಒಂದು ಸಣ್ಣ ಸ್ಪ್ರಿಂಗ್. ಹಳೆಯದು ಸೋತಿತ್ತು. ನೀನು ಹೊಸದು ಹಾಕಿ, ಮುಚ್ಚಳವೊಂದು ಬಾಕಿ ಉಳಿಸಿ ಊಟಕ್ಕೆ ಕುಂತಿ. ನಾನು ಹೊಸದನ್ನು ತೆಗೆದು ಹಳೆಯದನ್ನು ಇಟ್ಟೆ. ಎರಡು ನಿಮಿಷವೂ ಹಿಡಿಯಲಿಲ್ಲ. ಕೈ ಒರೆಸಿಕೊಂಡು ನಿನ್ನ ಬಾಜುವೇ ಊಟಕ್ಕೆ ಕುಂತೆ — ಅದೇ ಈಗ ಹೆಚ್ಚು ಚುಚ್ಚುತ್ತದೆ.

ಉಸ್ತಾದರು ಯಾವ ಗಾಡಿಯನ್ನೂ ತಾವೇ ಓಡಿಸಿ ನೋಡದೆ ಬಿಟ್ಟವರಲ್ಲ. ಅವರ ಕೈಯಲ್ಲೇ ಗೇರು ಜಿಗಿಯಲಿ, ನಿನ್ನ ಮಾನ ಹೋಗಲಿ, ಅಷ್ಟೇ ಎಂದುಕೊಂಡಿದ್ದೆ. ಅಷ್ಟೇ — ಈ ಒಂದು ಶಬ್ದ ಹಿಡಿದುಕೊಂಡೇ ಇಷ್ಟು ವರ್ಷ ನಿದ್ದೆ ಮಾಡಿದೆ.

ಆದರೆ ಅವತ್ತು ಉಸ್ತಾದರು ಕೀಲಿಕೈ ನೇರ ವ್ಯಾಪಾರಿಯ ಕೈಗೆ ಕೊಟ್ಟರು. "ಇಂವನ ಕೈಯಾಗಿಂದ ಬಂದದ್ದು ಐತಿ, ಟ್ರಾಯಲ್ ಯಾಕ? ಲೋಡ್ ಹೇರಿಕೊಂಡ ಹೋಗ್ರಿ."

ನನ್ನ ಕೈಯಿಂದ ಬಂದ ಒಂದು ಗಾಡಿಗೂ ಅವರು ಆ ಮಾತು ಆಡಿರಲಿಲ್ಲ.

ನಮ್ಮ ಗ್ಯಾರೇಜಿನ ರಿವಾಜು ನಿನಗೂ ಗೊತ್ತು, ನನಗೂ ಗೊತ್ತಿತ್ತು: ಗೇರ್ ಬಾಕ್ಸ್ ಮುಚ್ಚಿದವನು ಮೊದಲ ಲೋಡಿಗೆ ಡ್ರೈವರನ ಬಾಜು ಕೂರಬೇಕು. ಮೊದಲು ನಿನ್ನ ಜೀವ ಇಡು, ಆಮೇಲೆ ಗಿರಾಕಿಯದು ಎನ್ನುತ್ತಿದ್ದರು ಉಸ್ತಾದರು. "ಉಸ್ತಾದ, ಒಂದು ರೌಂಡ್ ಹೊಡಕೊಂಡ ಬರ್ತೀನ್ರಿ" ಎಂದು ನಾನು ಅಂದಿದ್ದರೆ ಮುಗಿದಿತ್ತು. ಅನ್ನಲಿಲ್ಲ. ನೀನು ಬಾಜು ಸೀಟಿಗೆ ಹತ್ತಿ ನನಗೆ ಕೈ ಬೀಸಿದಿ. ನಾನೂ ಬೀಸಿದೆ, ಪರಶುರಾಮ. ನಾನೂ ಬೀಸಿದೆ.

ಗುಂಜಿಯ ಆಚೆಯ ಇಳಿಜಾರಿನಲ್ಲಿ ಗೇರು ಜಿಗಿಯಿತು. ಮಡಿಕೆ ತುಂಬಿದ ಗಾಡಿ ಚರಂಡಿಗೆ ಬಿತ್ತು. ವ್ಯಾಪಾರಿಯ ಕಾಲು ಮುರಿಯಿತು, ಮುಂದೆ ಅವರು ಕೋಲಿಲ್ಲದೆ ನಡೆಯಲಿಲ್ಲ. ನಿನ್ನ ಹಣೆಗೆ ಎಂಟು ಹೊಲಿಗೆ.

ಗಾಡಿ ಎಳೆದು ತಂದು ಬಾಕ್ಸ್ ಬಿಚ್ಚಿದಾಗ ಉಸ್ತಾದರು ಆ ಸ್ಪ್ರಿಂಗನ್ನು ಅಂಗೈಯಲ್ಲಿಟ್ಟುಕೊಂಡು ಎಲ್ಲರ ಮುಖ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ನನ್ನ ಕೈ ಜೇಬಿಗೆ ಹೋಯಿತು. ಹೊಸ ಸ್ಪ್ರಿಂಗ್ ಅಲ್ಲೇ ಇತ್ತು. ಯಾರೂ ನೋಡಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನೀನು ಬಾಯಿಬಿಟ್ಟಿದ್ದಿ.

"ನಂದ ತಪ್ಪು ಉಸ್ತಾದ. ಹೊಸಾದು ಹಾಕೀನಿ ಅಂತನ ನೆನಪೈತಿ. ಆದ್ರ ಇದು ಹಳೇದು ಐತಿ. ನನ್ನ ಕೈ ಮ್ಯಾಲ ಇನ್ನ ನಂಬಿಗಿ ಇಲ್ರಿ."

ಮರುದಿನದಿಂದ ನೀನು ಬರಲಿಲ್ಲ. ಸ್ಕ್ರೂ ಡ್ರೈವರ್ ನನಗೆ ಬಂತು. ಬಸಿ ಬರಲಿಲ್ಲ — ಉಸ್ತಾದರು ಆಮೇಲೆ ಯಾರಿಗೂ ಚಹಾ ಸುರಿದು ಕೊಡಲಿಲ್ಲ. ಅವರು ತೀರಿ ಮೂರು ವರ್ಷವಾಯಿತು. ಅವರಿಗೆ ಹೇಳುವ ಬಾಗಿಲು ಮುಚ್ಚಿಹೋಯಿತು. ಈಗ ನನ್ನದೇ ಗ್ಯಾರೇಜು, ನನ್ನದೇ ಬೋರ್ಡು, ಜನ ನನ್ನನ್ನೇ ಉಸ್ತಾದ ಎನ್ನುತ್ತಾರೆ. ಆ ಸ್ಕ್ರೂ ಡ್ರೈವರಿಗೆ ಕಿವಿ ಕೊಟ್ಟರೆ ಇವತ್ತಿಗೂ ಗರ್ ಗರ್ ಅಷ್ಟೇ.

ಹೋದ ವಾರ ನೀನು ಬಂದಿ. ಗುಂಜಿಯಿಂದ ಹಾಲಿನ ಕ್ಯಾನು ಸಾಗಿಸಲು ಹಳೆಯ ಪಿಕಪ್ ಕೊಂಡಿದ್ದೀ, ಮೂರನೇ ಗೇರು ನಿಲ್ಲುವುದಿಲ್ಲ. ನಾನು ಅಭ್ಯಾಸಬಲದಿಂದ ನಿನ್ನ ಕಡೆ ಪಾನಾ ಚಾಚಿದೆ. ನೀನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿ.

"ಬ್ಯಾಡ ಈರಣ್ಣಾ. ನೀನ ಬಿಚ್ಚು. ನಾ ಮುಟ್ಟಿದ್ರ ಯಾರನ್ನರ ಕೊಲ್ತೀನಿ."

ನೀನು ನಗುತ್ತಲೇ ಅಂದಿ. ಹಣೆಯ ಗಾಯದ ಗುರುತು ನಗುವಿನ ಜೊತೆ ಮೇಲೆ ಸರಿಯಿತು. ಗುಂಜಿಯಿಂದ ಕಣ್ಣು ಮುಚ್ಚಿಕೊಂಡು ನನ್ನ ಹತ್ತಿರವೇ ಬಂದಿದ್ದಿ — ನನ್ನ ಕೈ ನಂಬಿ! ನಾಚಿಕೆಗೇಡಿ ನಾನು. ನಾಳೆ ಬಾ ಎಂದೆ, ನಾಡಿದ್ದು ಬಾ ಎಂದೆ. ಪಾರ್ಟ್ ಸಿಕ್ಕಿಲ್ಲ ಎಂದು ಸುಳ್ಳು ಹೇಳಿದೆ. ಪಾರ್ಟ್ ಹದಿನಾರು ವರ್ಷದಿಂದ ನನ್ನ ಹತ್ತಿರವೇ ಇದೆ. ಗ್ರೀಸ್ ಹಚ್ಚಿ ತಗಡಿನ ಡಬ್ಬಿಯಲ್ಲಿಟ್ಟಿದ್ದೇನೆ, ತುಕ್ಕು ಹಿಡಿದಿಲ್ಲ. ನಿನ್ನ ಗಾಡಿಗೆ ಅದು ಹೊಂದುವುದಿಲ್ಲ. ಹೊಂದುವುದನ್ನು ತಂದು ಅದರ ಬಾಜು ಇಟ್ಟಿದ್ದೇನೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಕ್ಷಮಿಸು ಎಂದು ಬರೆಯುವುದಿಲ್ಲ, ಕೇಳುವ ಮುಖ ನನಗಿಲ್ಲ. ಈ ಕಾಗದ ನಿನ್ನ ಕೈಗೆ ಕೊಟ್ಟು, ಖಾನಾಪುರದ ಆ ವ್ಯಾಪಾರಿಯ ಮನೆಗೂ ಹೋಗಿ ಹೇಳುತ್ತೇನೆ.

ನಿನ್ನ ಗೇರ್ ಬಾಕ್ಸ್ ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಹರವಿದ್ದೇನೆ, ಉಸ್ತಾದರು ಕಲಿಸಿದ ಹಾಗೆ. ಸ್ಕ್ರೂ ಡ್ರೈವರೂ ಅಲ್ಲೇ ಇದೆ, ಅದು ನಿನ್ನದು. ಇನ್ನು ನಾನು ಒಂದು ಬೋಲ್ಟನ್ನೂ ಮುಟ್ಟುವುದಿಲ್ಲ. ನೀನು ಬಂದು ಜೋಡಿಸು, ನೀನೇ ಮುಚ್ಚು. ಮೊದಲ ಲೋಡು ಹೇರಿ ನೀನು ಓಡಿಸು, ಅದೇ ಇಳಿಜಾರಿಗೆ.

ಬಾಜು ಸೀಟಿನಲ್ಲಿ ನಾನು ಕೂರುತ್ತೇನೆ.