ಸಂತೆ ಚೀಲದ ಸಾಹೇಬರು

ಸಾಹೇಬರು ತೀರಿಕೊಂಡ ಮೂರನೆಯ ದಿನ ಸಿಂಧನೂರಿನ ಅವರ ಮನೆಯಂಗಳದಲ್ಲಿ ಕುಳಿತಿದ್ದೆ. ದೂರದ ಊರಿನಿಂದ ಬಂದಿದ್ದ ಅವರ ಸಂಬಂಧಿಕನೊಬ್ಬ ಪಕ್ಕಕ್ಕೆ ಬಂದು ಕೇಳಿದ: "ನಮ್ಮ ಮಾವಾರು ನೌಕರಿ ಏನ್ ಮಾಡ್ತಿದ್ರು ಅಂತ ನಿಮಗರ ಗೊತ್ತೇನ್ರೀ?"

ಕಡತದ ಪ್ರಕಾರ ಅವರು ನಮ್ಮ ಭಾಗದ ಮಾನಸಿಕ ಆರೋಗ್ಯ ಸೇವೆಗಳ ಆಡಳಿತಾಧಿಕಾರಿ. ಡಾಕ್ಟರು ಯಾವ ದಿನ ಯಾವ ಊರಿಗೆ ಹೋಗಬೇಕು, ಗಾಡಿ ಎಲ್ಲಿಂದ ಬರಬೇಕು, ಮಾತ್ರೆ ಮುಗಿಯುವ ಮೊದಲು ಯಾರ ಹಿಂದೆ ಬೀಳಬೇಕು, ಎಲ್ಲವೂ ಅವರ ತಲೆನೋವು. ಅವರ ಕೈಕೆಳಗೆ ಮಾತ್ರೆ ಕೊಡುವ ಕಿಟಕಿಯಲ್ಲಿ ಕುಳಿತವಳು ನಾನು. ಇಷ್ಟೆಲ್ಲ ವಿವರಿಸುವ ತಾಳ್ಮೆ ಅವತ್ತು ಇರಲಿಲ್ಲ. "ಮಂದಿಗೆ ಸಂತಿ ಮಾಡಸ್ತಿದ್ರು ರೀ," ಅಂದುಬಿಟ್ಟೆ. ಮೊದಲು ನನ್ನನ್ನೇ ಡಾಕ್ಟರಿಗೆ ತೋರಿಸಬೇಕು ಅನ್ನುವ ಹಾಗೆ ನೋಡಿ ಆತ ಎದ್ದು ಹೋದ.

ನಾನು ಹೇಳಿದ್ದು ಸುಳ್ಳೇನೂ ಅಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರೂ ಊರಿಗೆ ಮನೋವೈದ್ಯರು ವಾರಕ್ಕೊಮ್ಮೆ ಬರುತ್ತಿದ್ದರು. ಶುರುವಿನಲ್ಲಿ ಬೆಂಚುಗಳು ಖಾಲಿ. 'ತಲಿ ಡಾಕ್ಟರು' ಬರುವ ದಿನ ಯಾವುದೆಂದು ಊರಿಗೆಲ್ಲ ಗೊತ್ತಿತ್ತು, ಅವತ್ತು ದವಾಖಾನೆಯ ಗೇಟಿನ ಮುಂದೆ ಹಾದುಹೋಗಲೂ ಜನ ಅಂಜುತ್ತಿದ್ದರು. ಸಾಹೇಬರು ಮೂರೂ ಊರಿನ ಭೇಟಿಯನ್ನು ಆಯಾ ಊರಿನ ಸಂತೆಯ ದಿನಕ್ಕೆ ಬದಲಿಸಿದರು. ಡಾಕ್ಟರು ಸಿಡಿಮಿಡಿಗೊಂಡರು. ಗಾಡಿ ನಿಲ್ಲಿಸಲು ಜಾಗವಿಲ್ಲ, ಗದ್ದಲದಲ್ಲಿ ರೋಗಿಯ ಮಾತು ಕೇಳಿಸುವುದಿಲ್ಲ. ಸಾಹೇಬರ ಉತ್ತರ ಒಂದೇ: "ಎಲ್ಲಿಗಿ ಹೊಂಟೀರಿ ಅಂತ ಯಾರರ ಕೇಳಿದ್ರ, ಸಂತಿಗಿ ಅನ್ನಾಕ ಬರ್ತದಲ್ರೀ."

ಬೆಂಚು ತುಂಬತೊಡಗಿತು. ಎಲ್ಲರ ಕೈಯಲ್ಲೂ ಒಂದೊಂದು ಸಂತೆ ಚೀಲ. ಚೀಲದ ತಳಕ್ಕೆ ಮಾತ್ರೆಯ ಪೊಟ್ಟಣ, ಮೇಲೆ ಉಳ್ಳಾಗಡ್ಡಿ, ಪುಂಡಿಪಲ್ಯೆ. ಯಾರ ಹೆಸರನ್ನೂ ಕೂಗುವಂತಿಲ್ಲ, ಚೀಟಿ ತೋರಿಸಿದರೆ ಸಾಕು, ಇದು ಸಾಹೇಬರ ಹುಕುಂ. ಗುರುಗುಂಟಾದ ಕಾಕಾ ಒಬ್ಬರು ಪ್ರತಿ ಸಲ ಮಾತ್ರೆ ತಗೊಂಡು ಖಾಲಿ ಚೀಲ ಬೀಸುತ್ತ ನೆಟ್ಟಗೆ ಬಸ್ಸಿಗೆ ಹೊರಡುತ್ತಿದ್ದರು. ಸಾಹೇಬರು ಹಿಂದೆ ಓಡಿ, ತಮ್ಮ ಚೀಲದಿಂದ ನಾಲ್ಕು ಬದನೆಕಾಯಿ ತೆಗೆದು ಅವರ ಚೀಲಕ್ಕೆ ಹಾಕುತ್ತಿದ್ದರು. "ಮನ್ಯಾಗ ಸಂತಿ ಎಲ್ಲಿ ಅಂತ ಕೇಳಿದ್ರ ಏನ್ ತೋರಸ್ತೀ ಕಾಕಾ?" ಹೀಗೆ ಹಂಚಿ ಹಂಚಿ ಸಾಹೇಬರ ಚೀಲವೇ ಬರಿದಾಗುತ್ತಿತ್ತು. "ಸಂತಿಗಿ ಹೋದ ಮನಷ್ಯಾ ಬರೇ ಚೀಲ ತರ್ತಾರ ನೋಡವಾ," ಎಂದು ಅವರ ಹೆಂಡತಿ ನನ್ನೆದುರೇ ಬೈಯುತ್ತಿದ್ದರು. ಬೈದು, ಇಬ್ಬರಿಗೂ ರೊಟ್ಟಿ ಬಡಿಸುತ್ತಿದ್ದರು.

ಇನ್ನು ನನ್ನ ಧ್ವನಿಯ ವಿಷಯ. ಅದು ಎಂದೂ ಒಂದು ಕೋಣೆಯಲ್ಲಿ ಹಿಡಿಸಿದ್ದಲ್ಲ. ನಾನು ಗುಟ್ಟು ಹೇಳಿದರೆ ಹಿತ್ತಲಿನ ಎಮ್ಮೆಯೂ ತಿರುಗಿ ನೋಡುತ್ತದೆ ಎಂದು ನನ್ನವ್ವ ನಗುತ್ತಿದ್ದಳು.

ಜವಳಗೇರಾದಿಂದ ಸಿಂಧನೂರಿನ ಸಂತೆಗೆ ಒಬ್ಬ ಅಕ್ಕ ಬರುತ್ತಿದ್ದರು. ಸಣ್ಣ ವಯಸ್ಸು, ಮನೆಯಲ್ಲಿ ಅತ್ತೆಗೂ ಗೊತ್ತಿಲ್ಲದ ಔಷಧ. ಮಾತ್ರೆ ನಿಂತರೆ ಆಕೆಗೆ ನಿದ್ದೆ ಹತ್ತುತ್ತಿರಲಿಲ್ಲ. ನಿದ್ದೆಗೆಟ್ಟರೆ ಮನೆಯಲ್ಲಿ ಹೇಳದೆ ಕಾಲುವೆಯ ದಂಡೆಗೆ ಹೋಗಿ ನಿಲ್ಲುತ್ತಿದ್ದರು. ಒಂದು ಸಲ ಯಾರೋ ಕೈಹಿಡಿದು ಕರೆತಂದದ್ದೂ ಇತ್ತು. ಒಂದು ಸಂತೆಯಲ್ಲಿ ಆಕೆ ಅವಸರದಲ್ಲಿ ಪೊಟ್ಟಣವನ್ನು ಕಿಟಕಿಯಲ್ಲೇ ಬಿಟ್ಟು ಹೋದರು. ನಾನು ಅದನ್ನು ಹಿಡಿದು ಬಸ್‌ಸ್ಟ್ಯಾಂಡಿಗೆ ಓಡಿದೆ. ಬಸ್ಸು ಹೊರಡುವುದರಲ್ಲಿತ್ತು. "ಜವಳಗೇರಾ ಅಕ್ಕಾರ! ತಲಿ ಡಾಕ್ಟರ್ ಕೊಟ್ಟ ಗುಳಿಗಿ ಬಿಟ್ಟು ಹೊಂಟೀರಲ್ರೀ!"

ಅರ್ಧ ಜವಳಗೇರಾ ಆ ಬಸ್ಸಿನಲ್ಲಿತ್ತು. ಎಲ್ಲ ಕಿಟಕಿಗಳಿಂದಲೂ ತಲೆಗಳು ಹೊರಬಂದವು. ಆಕೆ ನನ್ನನ್ನು ನೋಡದೆ, "ನಮ್ಮವಲ್ರೀ ಅವು," ಅಂದರು. ಬಸ್ಸು ಹೋಯಿತು.

ಮುಂದಿನ ಸಂತೆಗೆ ಆಕೆ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಸಾಹೇಬರು ನನ್ನನ್ನು ಬೈಯಲಿಲ್ಲ, ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಮನೆಗೆ ಹೋಗಿ ನೋಡಿಬರೋಣ ಎಂದು ನಾನೇ ಗೋಗರೆದೆ. "ನಮ್ಮ ಜೀಪು ಆಕಿ ಮನಿ ಮುಂದ ನಿಂತ್ರ, ನೀ ಒದರಿದ್ದನ್ನ ಊರ ತುಂಬ ಇನ್ನೊಮ್ಮಿ ಒದರಿದಂಗ," ಅಂದರು. ಜವಳಗೇರಾದ ಆರೋಗ್ಯ ಕಾರ್ಯಕರ್ತೆಗೆ, ಕೂಸುಗಳಿಗೆ ಸೂಜಿ ಹಾಕುವ ನೆಪದಲ್ಲಿ ಆ ಮನೆಗೆ ಹೋಗಿಬರುತ್ತಿರು ಎಂದು ಹೇಳಿಟ್ಟರು. ತಾವು ಪ್ರತಿ ಸಂತೆಗೂ ಜವಳಗೇರಾ ಬಸ್ಸು ನಿಲ್ಲುವ ಕಡೆ ಕಲ್ಲುಬೆಂಚಿನ ಮೇಲೆ ಚೀಲ ಹಿಡಿದು ಕೂತರು. ಕಿಟಕಿ ತೆರೆಯುವ ಹೊತ್ತಿನ ತನಕ ನನ್ನನ್ನೂ ಕೂರಿಸಿಕೊಂಡರು, ಬಾಯಿ ಮುಚ್ಚಿಕೊಂಡಿರಬೇಕು ಎಂಬ ಷರತ್ತಿನ ಮೇಲೆ. ಮಾತಾಡದೆ ಕೂರುವುದು ಎಂಥ ಶಿಕ್ಷೆ ಎಂದು ನನ್ನಂಥವರಿಗೇ ಗೊತ್ತು. ಬಸ್ಸಿನಿಂದ ಇಳಿದವರನ್ನೆಲ್ಲ ಎಣಿಸುತ್ತ ಕಾಲುವೆಯನ್ನೇ ಯೋಚಿಸುತ್ತಿದ್ದೆ.

ನಾಲ್ಕನೆಯ ಸಂತೆಗೆ ಆಕೆ ಇಳಿದರು. ಕಣ್ಣುಗಳು ಗುಳಿಬಿದ್ದಿದ್ದವು. ಸಾಹೇಬರನ್ನು ದಾಟಿ ನನ್ನೆದುರು ನಿಂತರು. ಷರತ್ತು ಮುರಿದು, ಹುಟ್ಟಿದಾಗಿನಿಂದ ಮಾತಾಡದಷ್ಟು ಮೆಲ್ಲಗೆ ಅಂದೆ: "ತಪ್ಪಾತ್ರೀ ಅಕ್ಕಾ."

ಆಕೆ ಖಾಲಿ ಚೀಲವನ್ನು ಹೆಗಲಿಗೇರಿಸಿಕೊಂಡರು. ಆಮೇಲೆ, "ಸಂತಿ ಮಾಡ್ಕೊಂಡು ಬರ್ತೀನಿ," ಅಂದು ಹೋದರು. ತಾಸಿನ ಮೇಲೆ ನನ್ನ ಕಿಟಕಿಗೆ ಒಂದು ಚೀಟಿ ಬಂತು. ಅದನ್ನು ಹಿಡಿದ ಕೈಯ ಬಳೆ ನನಗೆ ಗುರುತು. ಅವತ್ತು ಸಾಹೇಬರು ನಮ್ಮೆಲ್ಲರಿಗೂ ಮಿರ್ಚಿ ಭಜಿ ತರಿಸಿದರು.

ವರ್ಷಗಳು ಉರುಳಿ ಸಾಹೇಬರು ನಿವೃತ್ತರಾದರು. ಎರಡು ವರ್ಷಕ್ಕೆ ಅವರ ಹೆಂಡತಿ ತೀರಿಕೊಂಡರು. ಮಾತಾಡಿಸಲು ಹೋದಾಗೆಲ್ಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿರುತ್ತಿತ್ತು. ರೊಟ್ಟಿಯ ಡಬ್ಬಿ ಕಟ್ಟೆಯ ಮೇಲಿಟ್ಟು ಬಂದರೆ ಮರುದಿನವೂ ಹಾಗೇ ಇರುತ್ತಿತ್ತು. ಮನುಷ್ಯ ಕರಗಿಹೋಗುತ್ತಿದ್ದಾರೆ ಎಂದು ಗೊತ್ತಿದ್ದೂ ನನಗೆ ದಾರಿ ತೋಚಲಿಲ್ಲ.

ಒಂದು ಸಂತೆಯ ದಿನ ತಲೆ ಎತ್ತಿ ನೋಡಿದರೆ ದವಾಖಾನೆಯ ಬೆಂಚಿನ ಮೇಲೆ, ಸರದಿಯಲ್ಲಿ, ಸಾಹೇಬರು ಕೂತಿದ್ದರು. ಬಿಳಿ ಗಡ್ಡ, ಸೊರಗಿದ ಮುಖ. ಕೈಯಲ್ಲಿ ಚೀಲ ಇರಲಿಲ್ಲ. ನಾನು ಗಾಬರಿಯಾಗಿ ಎದ್ದು ಹೋಗಿ, "ಒಳಗ ಬರ್ರೀ ಸಾಹೇಬ್ರ, ಹಿಂದಿನ ಬಾಗಲಾ ತಗಸ್ತೀನಿ," ಎಂದು ಪಿಸುಗುಟ್ಟಿದೆ.

"ಬ್ಯಾಡವಾ. ಪಾಳಿ ಬಂದಾಗ ಕೂಗು. ಹೆಸರು ಹಿಡದು ಕೂಗು, ಜೋರಾಗಿ. ಸಾಹೇಬನೂ ಪಾಳಿಗೆ ಕುಂತಾನ ಅಂತ ಸಂತಿಗೆಲ್ಲ ಗೊತ್ತಾಗ್ಲಿ. ಆವಾಗೆಲ್ಲ ಬಾಯಿ ಮುಚ್ಚಸ್ತಿದ್ದೆ, ಈಗ ನಾನೇ ಹೇಳಾಕತ್ತೀನಿ."

ಪಾಳಿ ಬಂತು. ನಾನು ಬಾಯಿ ತೆರೆದೆ. ಎಮ್ಮೆಯನ್ನು ತಿರುಗಿಸುತ್ತಿದ್ದ ಆ ಧ್ವನಿ ಹೊರಡಲೇ ಇಲ್ಲ. ಕಣ್ಣಿಗೆ ಸೆರಗು ಹಿಡಿದು ನಿಂತುಬಿಟ್ಟೆ. ಸಾಹೇಬರು ಕಾಯುತ್ತಿದ್ದರು.

ಆಗ ಬೆಂಚಿನ ಕೊನೆಯಿಂದ ಜವಳಗೇರಾದ ಅಕ್ಕ ಎದ್ದರು. ಅವರ ತಲೆಯೂ ಈಗ ಅರ್ಧ ನರೆತಿತ್ತು. ಸಾಹೇಬರ ಪೂರ್ತಿ ಹೆಸರು ಹಿಡಿದು, ಹೊರಗಿನ ಸಂತೆಗೆಲ್ಲ ಕೇಳುವ ಹಾಗೆ ಕೂಗಿದರು. "ಏಳ್ರೀ ಸಾಹೇಬ್ರ, ನಿಮ್ಮ ಪಾಳಿ. ನಿಮ್ಮ ಹಿಂದ ನಾ ಅದೀನಿ."